ಎಡಗೈ ಹೊಲಿಗೆಯ ಸೀಟು

ಸೊಲಾಂಜ್ ಕ್ಯುನೊಗೆ ಕಾರು ಸಿಕ್ಕಿದ್ದು ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿಯಲ್ಲಿ. ಹೀಗೆಂದರೆ ಹೊರಗಿನವರು ನಂಬುವುದಿಲ್ಲ. ಆದರೆ ವಾಲ್‌ಬೆನೀ ಊರಿನಲ್ಲಿ ಅದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ, ಕೋಳಿಯೊಂದೇ ಈಗಿಲ್ಲ.

ಆಗ ಅವಳಿಗೆ ಅರವತ್ತು ತುಂಬಿ ನಾಲ್ಕು ದಿನವಾಗಿತ್ತು. ಶುಕ್ರವಾರದ ವಾಡಿಕೆಯಂತೆ ಮೊಟ್ಟೆ ತರಲು ತಿಯೆರಿಯ ಹಟ್ಟಿಗೆ ಹೋಗಿದ್ದಳು. ತಿಯೆರಿಗೆ ನಲವತ್ತು ಹಸು, ಒಂದು ಹಳೆಯ ರೆನೊ ಫೈವ್ ಟರ್ಬೊ ಕಾರು. ಹಸುಗಳ ಹೆಸರನ್ನು ಆಗಾಗ ಮರೆಯುತ್ತಿದ್ದ, ಕಾರಿನ ಒಂದೊಂದು ತಿರುಪಿನ ಅಳತೆ ಮಾತ್ರ ಬಾಯಿಪಾಠ. ಅವನು ಹಸುವಿನ ಕೆಚ್ಚಲಿಗೆ ಯಂತ್ರ ಹಚ್ಚುತ್ತ, ತನಗೆ ಪುರುಸೊತ್ತಿಲ್ಲವೆಂದೂ, ಕಂದು ಕೋಳಿ ಹಿಂದುಗಡೆ ಹುಲ್ಲಿನ ಮನೆಯಲ್ಲಿದೆಯೆಂದೂ, ಅದರಡಿಯಿಂದ ಅವಳೇ ತೆಗೆದುಕೊಳ್ಳಬೇಕೆಂದೂ ಹೇಳಿದ. ಅಲ್ಲಿ ಹುಲ್ಲಿನ ರಾಶಿಯೊಳಗೆ ಚಕ್ರವಿಲ್ಲದ ಕೆಂಪು ಕಾರೊಂದು ಅರ್ಧ ಹೂತುಹೋಗಿತ್ತು. ಚಾಲಕನ ಸೀಟಿನ ಮೇಲೆ ಕಂದು ಕೋಳಿ, ಊರ ಮೇಯರನ ಹೆಂಡತಿಯ ಹಾಗೆ ಕೂತಿತ್ತು.

ಸೊಲಾಂಜ್ ಕೋಳಿಯ ಅಡಿಗೆ ಎಡಗೈ ತೂರಿಸಿದಳು. ಬೆರಳಿಗೆ ಮೊಟ್ಟೆ ಸಿಕ್ಕಿತು, ಮೊಟ್ಟೆಯಾಚೆ ಸೀಟಿನ ಅಂಚು ಸಿಕ್ಕಿತು, ಅಂಚಿನಲ್ಲಿ ಒಂದು ಗೇಣಿನಷ್ಟು ಕೈಹೊಲಿಗೆ ಸಿಕ್ಕಿತು. ಬೆರಳುಗಳು ಅಲ್ಲೇ ನಿಂತವು. ಕೋಳಿ ಎರಡು ಸಲ ಕುಕ್ಕಿತು. ಅವಳು ಕೈ ತೆಗೆಯಲಿಲ್ಲ.

ಎಷ್ಟು ಹೊತ್ತಾದರೂ ಬರಲಿಲ್ಲವೆಂದು ತಿಯೆರಿ ನೋಡಲು ಬಂದಾಗ, ಅವಳು ಹುಲ್ಲಿನಲ್ಲಿ ಮಂಡಿಯೂರಿ, ಕೋಳಿಯ ಅಡಿ ಕೈಯಿಟ್ಟುಕೊಂಡು ಒಬ್ಬಳೇ ನಗುತ್ತಿದ್ದಳಂತೆ. "ಇದು ನನ್ನದು" ಎಂದಳಂತೆ. ಮೊಟ್ಟೆಯ ಮಾತು ಎಂದುಕೊಂಡು ಅವನು ಆಗಲಿ ಎಂದನಂತೆ.

ನದಿಯ ದಂಡೆಯಲ್ಲಿ ಹಿಂದೊಂದು ಹೊಲಿಗೆ ಕಾರ್ಖಾನೆಯಿತ್ತು. ಸೊಲಾಂಜ್ ಅಲ್ಲಿ ಇಪ್ಪತ್ತಾರು ವರ್ಷ ಕಾರಿನ ಸೀಟು ಹೊಲಿದವಳು. ಎಂಥೆಂಥವೋ ಕಾರಿನ ಸೀಟುಗಳು ಬಂದುಹೋದವು, ಆದರೆ ಊರಿನವರಿಗೆ ನೆನಪಿರುವುದು ಒಂದೇ: ಪ್ಯೂಜೊ ಇನ್ನೂರೈದು ಜಿ.ಟಿ.ಐ. ಮೋಟುದ್ದದ ಕಾರು, ಎಡಬಲಕ್ಕೊಂದೊಂದು ಬಾಗಿಲು, ಬೆನ್ನಿಗೊಂದು. ಬಂಪರಿನ ಸುತ್ತ ತುಟಿಗೆ ಬಳಿದಂತೆ ಒಂದು ಕೆಂಪು ಗೆರೆ, ಒಳಗೆ ಕೆಂಪು ನೆಲಹಾಸು, ಮುಂದೆ ಹಳದಿ ದೀಪ. ಕಾಲು ಒತ್ತಿದರೆ ಹಗ್ಗ ಹರಿದ ಹೋರಿಕರು. ಬೇಕರಿಯವನೂ ಅದಕ್ಕೆ ಹುಚ್ಚಾದ, ವಕೀಲರ ಮಗನೂ ಹುಚ್ಚಾದ, ಪಾದ್ರಿಗಳು ಒಂದು ಸಲ ಕೂತು ನೋಡಿ ಇಳಿಯಲು ತಡಮಾಡಿದರು.

ಅದರ ಸೀಟನ್ನು ಯಂತ್ರದಲ್ಲಿ ಹೊಲಿದು ಮಗುಚಿದ ಮೇಲೆ, ಕೊನೆಯ ಒಂದು ಗೇಣನ್ನು ಬಾಗಿದ ದಬ್ಬಳದಿಂದ ಕೈಯಲ್ಲೇ ಮುಚ್ಚಬೇಕಿತ್ತು. ಆ ಮೇಜಿನಲ್ಲಿ ಒಂಬತ್ತು ಹೆಂಗಸರು. ಎಂಟು ಮಂದಿ ಬಲಗೈಯವರು. ಅವರ ಹೊಲಿಗೆ ಬಲಕ್ಕೆ ವಾಲುತ್ತಿತ್ತು. ಸೊಲಾಂಜ್ ಎಡಚಿ, ಅವಳದು ಎಡಕ್ಕೆ. ಶಾಲೆಯಲ್ಲಿ ಸಿಸ್ಟರ್ ಒಬ್ಬರು ಅವಳ ಎಡಗೈಯನ್ನು ಕುರ್ಚಿಗೆ ದಾರದಿಂದ ಕಟ್ಟಿ ನೋಡಿದ್ದರು, ಅವಳು ಕುರ್ಚಿ ಸಮೇತ ಎದ್ದು ಮನೆಗೆ ಹೋಗಿದ್ದಳು. ಕಾರ್ಖಾನೆಯ ಮೇಸ್ತ್ರಿಗೆ ಆ ತಂಟೆಯೇ ಇರಲಿಲ್ಲ. ಯಾವ ಕೈಯಾದರೂ ಸರಿ, ಸಂಜೆಗೆ ಲಾರಿ ತುಂಬಿದರೆ ಸಾಕು ಎನ್ನುತ್ತಿದ್ದ. ಅವಳು ಕೊನೆಗೆ ದಾರವನ್ನು ಮೂರು ಸುತ್ತು ಸುತ್ತಿ ಗಂಟು ಎಳೆದು, ಕತ್ತರಿ ಮುಟ್ಟದೆ ಹಲ್ಲಿನಲ್ಲೇ ಕಚ್ಚುತ್ತಿದ್ದಳು.

ಆ ಕಾರ್ಖಾನೆಗೆ ಎರಡು ದಾರಿ. ಮುಂದುಗಡೆ ಕಲ್ಲಿನ ಕಂಬಗಳ ನಡುವೆ ದೊಡ್ಡ ಕಬ್ಬಿಣದ ಗೇಟು. ಅದರಲ್ಲಿ ಸೀಟು ತುಂಬಿದ ಲಾರಿಗಳು ಹೋಗಬೇಕು, ಯಜಮಾನರ ಕಾರು ಹೋಗಬೇಕು. ಹೊಲಿಯುವವರಿಗೆ ಸೈಕಲ್ ಚಪ್ಪರದ ಪಕ್ಕದ ಹಿತ್ತಿಲ ಬಾಗಿಲು. ಒಮ್ಮೆ ಜಡಿಮಳೆ ಎಂದು ಸೊಲಾಂಜ್ ದೊಡ್ಡ ಗೇಟಿನ ಕಡೆಗೆ ಓಡಿದ್ದಳು. ಕಾವಲಿನವನು ಅವಳನ್ನು ಗೌರವದಿಂದಲೇ ತಡೆದು, ಕಾರ್ಖಾನೆಯನ್ನು ಸುತ್ತಿಸಿ ಹಿತ್ತಿಲಿನಿಂದ ಕಳಿಸಿದ. ನನ್ನ ಹೊಲಿಗೆಗೆ ಇರುವ ಮರ್ಯಾದೆ ನನಗಿಲ್ಲವಲ್ಲ ಎಂದು ಅವಳು ಮರುದಿನ ಮೇಜಿನಲ್ಲಿ ಹೇಳಿದಾಗ ಒಂಬತ್ತೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪಕ್ಕದ ಸ್ಟೂಲಿನ ಜೋಸಿಯಾನ್. ಮುಂದೆ ಕಾರ್ಖಾನೆ ಮುಚ್ಚಿತು, ಗೇಟಿಗೆ ಬೀಗ ಬಿತ್ತು, ಒಳಗೆ ಊರಿನ ಪಂಚಾಯಿತಿಯವರು ಹಿಮ ಗುಡಿಸುವ ಬಂಡಿ ನಿಲ್ಲಿಸಿಕೊಂಡರು. ಜೋಸಿಯಾನ್ ಮಾತ್ರ ಸೊಲಾಂಜಳ ಪಕ್ಕ ಬಿಡಲಿಲ್ಲ. ಅವರಿಬ್ಬರ ಮನೆಗೆ ಒಂದೇ ಗೋಡೆ.

ಹೀಗಿರುವಾಗ ಕೋಳಿಯ ಅಡಿ ಆ ಎಡವಾಲಿದ ಹೊಲಿಗೆ ಸಿಕ್ಕಿದ್ದು. ತಿಯೆರಿ ಕಾರು ಕೊಡಲು ಒಪ್ಪಿದ. ಅವನ ಸೋಫಾಕ್ಕೆ ಹೊಸ ಬಟ್ಟೆ, ಕೋಳಿಗೆ ಹೊಸ ಗೂಡು, ಇಷ್ಟೇ ಕರಾರು. ಕೋಳಿ ಮಾತ್ರ ಒಪ್ಪಲಿಲ್ಲ. ಕಾರನ್ನು ಸೊಲಾಂಜಳ ಕೊಟ್ಟಿಗೆಗೆ ಎಳೆದುಕೊಂಡು ಹೋದ ಮೂರನೆಯ ದಿನ ಅದು ರಸ್ತೆ ದಾಟಿ ಬಂದು ಅದೇ ಸೀಟಿನಲ್ಲಿ ಮೊಟ್ಟೆಯಿಟ್ಟಿತು.

ಇನ್ನು ಓಡಿಸುವುದು ಬರಬೇಕಲ್ಲ. ಸೊಲಾಂಜ್ ಹುಟ್ಟಿದಾಗಿನಿಂದ ಸೈಕಲ್ಲಿಗಿಂತ ದೊಡ್ಡದನ್ನು ಮುಟ್ಟಿರಲಿಲ್ಲ. ಅರವತ್ತರ ವಯಸ್ಸಿನಲ್ಲಿ ಡ್ರೈವಿಂಗ್ ಶಾಲೆಗೆ ಸೇರಿ, ರಸ್ತೆಯ ನಿಯಮದ ಪುಸ್ತಕವನ್ನು ಒಂದೊಂದೇ ಸಾಲು ಬೆರಳಿಟ್ಟು ಓದಿದಳು. ಮೊದಲನೆಯ ಪರೀಕ್ಷೆಯಲ್ಲಿ ಕೂಡುರಸ್ತೆಯಲ್ಲಿ ನಿಂತು, ಬರುವವರಿಗೆಲ್ಲ ನೀವು ಹೋಗಿ ನೀವು ಹೋಗಿ ಎಂದು ಹನ್ನೊಂದು ಕಾರು ಬಿಟ್ಟಳು. ಎರಡನೆಯದರಲ್ಲಿ ಕಾರು ಕಾಲುದಾರಿಯ ಕಲ್ಲು ಹತ್ತಿತು. ಮೂರನೆಯದರಲ್ಲಿ, ಪರೀಕ್ಷಕರ ಕೋಟಿನ ಹೆಗಲ ಹೊಲಿಗೆ ಬಿಟ್ಟಿದೆ ಎಂದು ತಿರುಗಿ ತೋರಿಸಲು ಹೋದಳು. ನಾಲ್ಕನೆಯದರಲ್ಲಿ ಅದೇ ಪರೀಕ್ಷಕರು ಕೋಟು ಹೊಲಿಸಿಕೊಂಡು ಬಂದಿದ್ದರು. ಅವಳಿಗೆ ನೋಡಲು ರಸ್ತೆಯೊಂದೇ ಉಳಿಯಿತು. ಪಾಸಾದಳು.

ಕಾರನ್ನು ಎಬ್ಬಿಸಿ ನಿಲ್ಲಿಸಲು ಮೂರು ವರ್ಷ ಹಿಡಿಯಿತು. ತಿಯೆರಿ ಎಂಜಿನ್ ನೋಡಿಕೊಂಡ. ರೆನೊ ಓಡಿಸುವವನು ಪ್ಯೂಜೊದ ಸಿಂಹದ ಗುರುತಿನ ಕಾರಿಗೆ ಕೈ ಹಾಕಿದ್ದು ತನ್ನ ಅಪ್ಪನಿಗೆ ಗೊತ್ತಾದರೆ ಗೋರಿಯಲ್ಲೇ ಮಗ್ಗುಲು ಬದಲಿಸುತ್ತಾನೆ ಎಂದು ಗೊಣಗುತ್ತಲೇ ಮಾಡಿದ. ಕಿಟಕಿಯ ಗಾಜು ಏರಿಸುವ ಒಂದು ಗುಂಡಿಗಾಗಿ ಇಬ್ಬರೂ ಸ್ವಿಸ್ ಗಡಿಯವರೆಗೆ ಹೋಗಿಬಂದರು. ಮೊದಲ ಸಲ ಅದು ಗುಡುಗಿದಾಗ ಜೋಸಿಯಾನ್ ಒಲೆಯ ಮೇಲಿದ್ದ ಚೀಸಿನ ಸಾರನ್ನು ಉಕ್ಕಲು ಬಿಟ್ಟು ಓಡಿಬಂದಳು. ಅಂದಿನಿಂದ ಪಕ್ಕದ ಸೀಟು ಅವಳದೇ. ಅವಳಿಗೆ ವೇಗ ಎಂದರೆ ಪ್ರಾಣಭಯ. ಪ್ರತಿ ತಿರುವಿನಲ್ಲೂ ಬಾಗಿಲ ಹಿಡಿ ಹಿಡಿದುಕೊಂಡು ಒಬ್ಬೊಬ್ಬ ಸಂತರ ಹೆಸರು ಕೂಗುತ್ತಿದ್ದಳು, ಇಳಿದ ಕೂಡಲೇ ಮತ್ತೆ ಯಾವಾಗ ಹೋಗುವುದು ಎಂದು ಕೇಳುತ್ತಿದ್ದಳು.

ಇಂಥ ಕಾರಿನವರಿಗೆಲ್ಲ ಊರಿನಲ್ಲೊಂದು ಸಂಘವಿತ್ತು, ಹಳದಿ ದೀಪದ ಕೂಟ ಎಂದು. ತಿಂಗಳ ಮೊದಲ ಭಾನುವಾರ ಇಗರ್ಜಿಯ ಮುಂದೆ ಸೇರುತ್ತಿದ್ದರು. ಬರುವ ದಾರಿಯಲ್ಲಿ ಇಂಥದೇ ಕಾರು ಎದುರಾದರೆ ಹಳದಿ ದೀಪವನ್ನು ಎರಡು ಸಲ ಮಿಟುಕಿಸಬೇಕು. ಮಿಟುಕಿಸದೆ ಹೋದವನಿಗೆ ಆ ದಿನ ಯಾರೂ ಕಾಫಿ ಕೊಡುವುದಿಲ್ಲ. ಅಜ್ಜಂದಿರಾದವರು ಬಾನೆಟ್ ಎತ್ತಿ ಅದರೊಳಗೆ ತಲೆಯಿಟ್ಟು ಹೂವು ಮೂಸಿದಂತೆ ಮೂಸುವರು. ಒಂದೂ ಆರು, ಅಂದರೆ 1.6 ಲೀಟರಿನ ಎಂಜಿನ್ ಮೇಲೋ, 1.9ರ ಒಂದೂ ಒಂಬತ್ತು ಮೇಲೋ ಎಂಬ ಜಗಳ ಮೂವತ್ತು ವರ್ಷದಿಂದ ನಡೆದಿತ್ತು. ಅದರಿಂದಾಗಿ ಒಂದು ಮದುವೆ ಮುರಿದಿತ್ತು, ಎರಡು ಕೂಡಿಬಂದಿದ್ದವು.

ಕೂಟದ ಅಧ್ಯಕ್ಷರು ಒನೊರೆ ಬೂವ್ರೆ. ಭೂಮಿ ಅಳೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಈಗ ಅಳೆಯಲು ಭೂಮಿಯಿಲ್ಲದೆ ಕಾರುಗಳನ್ನು ಅಳೆಯುತ್ತಿದ್ದರು. ಕಪ್ಪು ಬಣ್ಣದ ಒಂದೂ ಒಂಬತ್ತು ಅವರದು, ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರು ಎಂದರೆ ಜಿಲ್ಲೆಗೆಲ್ಲ ಅದೇ ಮಾದರಿ. ನಿಯಮಗಳನ್ನು ಒಂದು ಹಸಿರು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಮೆರವಣಿಗೆಯಲ್ಲಿ ಮುಂದಿನ ಕಾರನ್ನು ಯಾರೂ ದಾಟಬಾರದು, ಅದು ಎಲ್ಲಿಗೆ ಹೋದರೆ ಎಲ್ಲರೂ ಅಲ್ಲಿಗೆ ಹೋಗಬೇಕು ಎಂಬುದೊಂದು ನಿಯಮ. ಒಂದು ವರ್ಷ ಬೂವ್ರೆಯವರೇ ದಾರಿ ತಪ್ಪಿ ಚೀಸಿನ ಕಾರ್ಖಾನೆಯ ಅಂಗಳಕ್ಕೆ ನುಗ್ಗಿದ್ದರು. ಹಿಂದಿನ ಮೂವತ್ತೆಂಟು ಕಾರೂ ತಪ್ಪದೆ ನುಗ್ಗಿ, ಒಂದೊಂದಾಗಿ ತಿರುಗಿಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಯಾರೂ ಚಕಾರ ಎತ್ತಲಿಲ್ಲ. ನಿಯಮ ನಿಯಮವೇ.

ಈಚೆಗೆ, ಮೇ ತಿಂಗಳ ಸಭೆಯಲ್ಲಿ, ಜೂನಿನ ದೊಡ್ಡ ಮೆರವಣಿಗೆಯ ವಿಷಯ ಬಂತು. ಹನ್ನೊಂದು ತಿರುವಿನ ಬೆಟ್ಟದ ರಸ್ತೆಯನ್ನು ಅವತ್ತು ಬೆಳಗ್ಗೆ ಕೂಟಕ್ಕೇ ಬಿಟ್ಟುಕೊಡುತ್ತಾರೆ. ಈ ಸಲ ಪಂಚಾಯಿತಿಯವರು ಹಳೆಯ ಹೊಲಿಗೆ ಕಾರ್ಖಾನೆಯ ಅಂಗಳದಿಂದ ಹೊರಡಲು ಅನುಮತಿ ಕೊಟ್ಟಿದ್ದಾರೆ, ದೊಡ್ಡ ಗೇಟಿನ ಬೀಗ ತೆಗೆಯುತ್ತಾರೆ ಎಂದು ಬೂವ್ರೆ ಓದಿ ಹೇಳಿದರು. ಆದರೆ ಮುಂದುಗಡೆ ಪೇಟೆಯ ಸಾಲು, ಜನ, ಪತ್ರಿಕೆಯ ಫೋಟೊದವನು. ಆದ್ದರಿಂದ ಅಪ್ಪಟ ಅಸಲಿ ಎಂದು ತೀರ್ಮಾನವಾದ ಕಾರುಗಳು ಮಾತ್ರ ದೊಡ್ಡ ಗೇಟಿನಿಂದ ಹೊರಡುವುದು, ಉಳಿದವು ಹಿತ್ತಿಲ ಓಣಿಯಿಂದ ಬಂದು ಆಮೇಲೆ ಸೇರಿಕೊಳ್ಳುವುದು.

ಕಾಫಿ ಕಲಕುತ್ತಿದ್ದ ಸೊಲಾಂಜಳ ಚಮಚ ನಿಂತಿತು. ಎಂಜಿನ್ನಿಗೆ ಬಿಡಿಭಾಗ ಹಾಕಿದರೂ ಹೊಸದಾಗಿ ಬಣ್ಣ ಬಳಿದರೂ ನಡೆಯುತ್ತದೆ, ಅದು ಅವಳಿಗೂ ಗೊತ್ತಿತ್ತು. ಸೀಟು, ಚಾವಣಿ, ನೆಲಹಾಸುಗಳಿಗೆ ಮಾತ್ರ ಕಾರ್ಖಾನೆಯ ಕೈಯಲ್ಲದೆ ಬೇರೆ ಕೈ ಸೋಕಿರಬಾರದು ಎಂದು ಹಸಿರು ಪುಸ್ತಕ ಹೇಳುತ್ತಿತ್ತು. ಸೊಲಾಂಜ್ ಕಪ್ಪನ್ನು ತಟ್ಟೆಯ ಮೇಲಿಟ್ಟಳು. ದೊಡ್ಡ ಗೇಟಿನಿಂದ, ತಾನು ಹೊಲಿದ ಸೀಟಿನ ಮೇಲೆ ಕೂತು, ತಾನೇ ಓಡಿಸಿಕೊಂಡು. ಜೀವಮಾನದಲ್ಲಿ ಅವಳು ಏನನ್ನೂ ಇಷ್ಟು ಬಯಸಿದ್ದಿಲ್ಲ. ಗಂಡನನ್ನು ಒಪ್ಪುವಾಗಲೂ ಇಷ್ಟು ಎದೆ ಬಡಿದುಕೊಂಡಿರಲಿಲ್ಲ ಎಂದು ಜೋಸಿಯಾನ್ ಇವತ್ತಿಗೂ ಹೇಳುತ್ತಾಳೆ, ಗೋಡೆಯಾಚೆಯಿಂದ ಕೇಳಿಸಿಕೊಂಡವಳ ಹಾಗೆ.

ಮೆರವಣಿಗೆಯ ದಿನ ಅಂಗಳದಲ್ಲಿ ನಲವತ್ತೊಂದು ಕಾರು. ಹೊಗೆಯಾಡಿಸಿದ ಸಾಸೇಜಿನ ವಾಸನೆ, ಪೆಟ್ರೋಲಿನ ವಾಸನೆ, ಯಾರೋ ಆಗಲೇ ತೆರೆದ ಹಳದಿ ವೈನು. ಹನ್ನೊಂದು ಗಂಟೆಗೆ ಇಗರ್ಜಿಯ ಗಂಟೆ ಹೊಡೆದಾಗ ಹೊರಡಬೇಕು. ಬೂವ್ರೆ ಒಂದು ಚಿಕ್ಕ ಚಾಪೆ, ಟಾರ್ಚು, ದಂತವೈದ್ಯರ ಕನ್ನಡಿ ಹಿಡಿದುಕೊಂಡು ಒಂದೊಂದೇ ಕಾರಿನಡಿ ಮಲಗಿ ಏಳುತ್ತಿದ್ದರು. ಅವರು ಎದ್ದು ತಲೆಯಾಡಿಸಿದರೆ ಮಾಲೀಕ ಪಕ್ಕದವನನ್ನು ತಬ್ಬಿಕೊಳ್ಳುವನು. ಹುಬ್ಬು ಗಂಟಿಕ್ಕಿದರೆ ಪಾಪ, ಕೈತೊಳೆಯುವ ನೆಪದಲ್ಲಿ ನದಿಯ ಕಡೆ ಹೋಗುವನು.

ಸೊಲಾಂಜಳ ಕೆಂಪು ಕಾರಿನ ಹತ್ತಿರ ಬಂದಾಗ ಹತ್ತು ದಾಟಿತ್ತು. ಅಡಿ ನೋಡಿದರು, ಸರಿ. ಕೆಂಪು ಗೆರೆ, ಸರಿ. ಹಳದಿ ದೀಪ, ಸರಿ. ನೆಲಹಾಸಿನ ಮೇಲೆ ಕೋಳಿಯ ಉಗುರಿನ ಗುರುತು ಕಂಡು ಬಹಳ ಹೊತ್ತು ಯೋಚಿಸಿ, ಅದು ಕಾಲ ಮಾಡಿದ ಗುರುತು, ಕೈ ಮಾಡಿದ್ದಲ್ಲ, ಆದ್ದರಿಂದ ಸರಿ ಎಂದರು. ಸೀಟಿನ ಸಂದಿಯಲ್ಲಿ ಒಂದು ಕಂದು ಗರಿ ಸಿಕ್ಕಿತು. ಅದನ್ನೂ ಗೌರವದಿಂದ ಅಲ್ಲೇ ಇಟ್ಟರು. ಆಮೇಲೆ ಚಾಲಕನ ಸೀಟಿನ ಅಂಚಿಗೆ ಕನ್ನಡಿ ಹಿಡಿದು, ಟಾರ್ಚು ಬಿಟ್ಟು, ಮೆಲ್ಲಗೆ ನಾಲಿಗೆ ಲೊಚಗುಟ್ಟಿದರು.

"ಈ ಹೊಲಿಗೆ ಉಲ್ಟಾ ಇದೆ, ಮದಾಮ್ ಕ್ಯುನೊ. ಕಾರ್ಖಾನೇದು ಬಲಕ್ಕೆ ವಾಲುತ್ತೆ. ನನ್ನ ಹತ್ರ ಇಪ್ಪತ್ತೆರಡು ಫೋಟೊ ಇದೆ. ಇದು ಆಮೇಲೆ ಯಾರೋ ಹೊಲಿದಿರೋದು."

ಸೊಲಾಂಜ್ ಹೆಚ್ಚು ಮಾತಿನವಳಲ್ಲ. "ನಾನೇ ಹೊಲಿದಿದ್ದು" ಎಂದಳು.

ಬೂವ್ರೆ ಟೋಪಿ ಮುಟ್ಟಿಕೊಂಡರು. ತಾನಾಗಿ ಒಪ್ಪಿಕೊಂಡಿದ್ದು ದೊಡ್ಡತನ, ಎಷ್ಟೋ ಜನ ಒಪ್ಪುವುದಿಲ್ಲ ಎಂದು ಹೊಗಳಿ, ಹಸಿರು ಪುಸ್ತಕದಲ್ಲಿ ಹಿತ್ತಿಲ ಓಣಿ ಎಂದು ಬರೆದು ಮುಂದಿನ ಕಾರಿನ ಕಡೆ ಹೊರಟರು.

ಜೋಸಿಯಾನ್ ಅವರ ಚಾಪೆಯ ಮೇಲೆ ಕಾಲಿಟ್ಟು ನಿಂತಳು. "ರೀ ಬೂವ್ರೆ, ನಿಲ್ರಿ. ಅವಳು ಹೊಲಿದಿದ್ದು ಇಲ್ಲೇ, ಈ ಗೋಡೆ ಒಳಗೆ, ನಾನು ಪಕ್ಕದಲ್ಲಿ ಕೂತಿದ್ದೆ. ನಿಮಗೆ ಆಗ ಮೀಸೆನೂ ಸರಿಯಾಗಿ ಬಂದಿರಲಿಲ್ಲ. ಲೇ ಸೊಲಾಂಜ್, ಬಾಯಲ್ಲಿ ಗಿಣ್ಣು ಇಟ್ಕೊಂಡಿದೀಯಾ, ಹೇಳೇ."

ಆಗ ಸೊಲಾಂಜ್ ಹೇಳಿದಳು. ಒಂಬತ್ತು ಜನರ ಮೇಜು, ಎಂಟು ಬಲಗೈ, ಒಂದು ಎಡಗೈ. ಕೈಯನ್ನು ಗಾಳಿಯಲ್ಲಿ ಆಡಿಸಿ ತೋರಿಸಿದಳು. ಸುತ್ತ ಜನ ಸೇರಿದರು. ಒಂದೂ ಆರಿನವರೆಲ್ಲ ಅವಳ ಪರ, ಒಂದೂ ಒಂಬತ್ತಿನವರೆಲ್ಲ ಪುಸ್ತಕದ ಪರ. ರೆನೊದ ತಿಯೆರಿ ಮಾತ್ರ ಸಾಸೇಜು ಕಚ್ಚುತ್ತ, ಸೀಟಿನ ಹೊಲಿಗೆಯ ಮೇಲೆ ಹೊಡೆದಾಡುವ ಬುದ್ಧಿ ಸಿಂಹದವರಿಗೆ ಮಾತ್ರ ಉಂಟು, ನಾವಾದರೆ ಸೀಟಿದೆಯೋ ಇಲ್ಲವೋ ಎಂದೂ ನೋಡದೆ ಹೊರಟುಬಿಡುತ್ತೇವೆ ಎಂದ.

ಬೂವ್ರೆ ಯಾರ ಮಾತೂ ಕೇಳುತ್ತಿರಲಿಲ್ಲ. ಅವರ ಮುಖದ ಬಣ್ಣ ಇಳಿಯುತ್ತ ಹೋಗಿ ಸುಣ್ಣದಂತಾಗಿತ್ತು. ಟಾರ್ಚು ಆರಿಸುವುದನ್ನೂ ಮರೆತಿದ್ದರು.

"ಎಡಗೈ" ಎಂದರು. "ಒಂಬತ್ತರಲ್ಲಿ ಒಂದು."

"ಹೌದು."

"ಮದಾಮ್, ಇಂಥ ಹೊಲಿಗೆ ನಾನು ಇನ್ನೊಂದು ಕಾರಲ್ಲಿ ನೋಡಿದೀನಿ. ನನ್ನದರಲ್ಲಿ. ತಗೊಂಡ ಹೊಸದರಲ್ಲಿ." ತಮ್ಮ ಕಪ್ಪು ಕಾರಿನ ಕಡೆ ತಿರುಗಿದರು. "ಯಾರೋ ಕೆಡಿಸಿದಾರೆ ಅಂತ ನಾನೇ ಬಿಚ್ಚಿ, ಫೋಟೊ ನೋಡ್ಕೊಂಡು ಬಲಕ್ಕೆ ಹೊಲಿದೆ. ಒಂದು ವಾರ ಹಿಡೀತು."

ಜಿಲ್ಲೆಗೆಲ್ಲ ಮಾದರಿಯಾದ ಕಾರನ್ನು ಅದರ ಯಜಮಾನರೇ, ಅಸಲಿ ಮಾಡುತ್ತೇನೆಂದು ಹೋಗಿ ನಕಲಿ ಮಾಡಿ ಕೂತಿದ್ದರು.

ಆದರೆ ಬೂವ್ರೆ ಏನನ್ನೂ ಎಸೆಯುವ ಮನುಷ್ಯರಲ್ಲ. ಕಾರಿನಿಂದ ತೆಗೆದದ್ದೆಲ್ಲ, ತುಕ್ಕಿನ ಚೂರು ಕೂಡ, ಚೀಟಿ ಅಂಟಿಸಿಕೊಂಡು ಡಿಕ್ಕಿಯಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ ಇರುತ್ತಿತ್ತು. ಡಬ್ಬಿ ತಂದರು. ಒಂದು ಸಣ್ಣ ಲಕೋಟೆಯಿಂದ ಸುರುಳಿ ಸುತ್ತಿದ ಕೆಂಪು ದಾರ ತೆಗೆದರು. ತುದಿಯಲ್ಲಿ ಗಂಟು ಹಾಗೇ ಇತ್ತು.

ಸೊಲಾಂಜ್ ಗಂಟನ್ನು ನೋಡಲೂ ಇಲ್ಲ. ಕಾರಿನ ಬಿಸಿಲು ಮರೆಯ ಹಿಂದೆ ಬೇರೆಯವರು ಸಂತರ ಪಟ ಇಡುವಲ್ಲಿ ಅವಳು ತನ್ನ ಹಳೆಯ ಬಾಗಿದ ದಬ್ಬಳ ಇಟ್ಟುಕೊಂಡಿದ್ದಳು. ಅದನ್ನು ತೆಗೆದು, ಬೇರೆ ದಾರ ಪೋಣಿಸಿ, ತನ್ನ ಸೆರಗಿನಂಥ ಏಪ್ರನ್ನಿನ ತುದಿಯಲ್ಲಿ ನಾಲ್ಕು ಹೊಲಿಗೆ ಹಾಕಿ, ಮೂರು ಸುತ್ತು ಸುತ್ತಿ, ಎಳೆದು, ಹಲ್ಲಿನಲ್ಲಿ ಕಚ್ಚಿದಳು. ಬೂವ್ರೆ ಎರಡೂ ಗಂಟಿಗೆ ಕನ್ನಡಿ ಹಿಡಿದರು. ಅಳೆಯುವ ಕಣ್ಣಿಗೆ ಇನ್ನೇನೂ ಬೇಕಾಗಲಿಲ್ಲ. ಪೆನ್ನು ತೆಗೆದು ಅವಳ ಹೆಸರಿನ ಮುಂದೆ ದೊಡ್ಡ ಗೇಟು ಎಂದು ಬರೆದರು. ಆಮೇಲೆ ಮೊದಲ ಪುಟಕ್ಕೆ ಹೋಗಿ, ತಮ್ಮ ಹೆಸರಿನ ಮೇಲೆ ಅಡ್ಡಗೆರೆ ಎಳೆದು, ಹಿತ್ತಿಲ ಓಣಿ ಎಂದು ಬರೆದರು.

ಜೋಸಿಯಾನ್ ಕುಣಿದೇಬಿಟ್ಟಳು. ಸೊಲಾಂಜಳಿಗೆ ಕುಣಿಯಲು ಕಾಲು ಬರಲಿಲ್ಲ. ಹಿತ್ತಿಲ ಬಾಗಿಲು ಎಂದರೆ ಏನೆಂದು ಅವಳಿಗೆ ಗೊತ್ತಿತ್ತಲ್ಲ. ಇಗರ್ಜಿಯ ಗಡಿಯಾರ ನೋಡಿದಳು, ಇನ್ನೂ ಇಪ್ಪತ್ತೈದು ನಿಮಿಷ. ಬೂವ್ರೆಯವರ ಕೈಯಿಂದ ಕೆಂಪು ದಾರ ತೆಗೆದುಕೊಂಡು ಕಪ್ಪು ಕಾರಿನ ಬಾಗಿಲು ತೆರೆದಳು.

"ಸ್ವಲ್ಪ ಪಕ್ಕಕ್ಕೆ ಬನ್ನಿ, ಮೊಸಿಯೊ ಬೂವ್ರೆ. ನಿಮ್ಮ ಸೀಟು ಒಂದು ಗಳಿಗೆ ಕೊಡಿ."

ಮಂಡಿಯೂರಿ ಅವರ ಒಂದು ವಾರದ ಬಲವಾಲಿದ ಹೊಲಿಗೆಯನ್ನು ಮೂರು ನಿಮಿಷದಲ್ಲಿ ಬಿಚ್ಚಿದಳು. ಹೊಲಿದವರು ಯಾರೋ ಬಹಳ ಭಯಸ್ಥರಿರಬೇಕು, ಇಷ್ಟು ಬಿಗಿ ಎಳೆದಿದ್ದಾರೆ ಎಂದಳು, ಬೂವ್ರೆ ಕೆಮ್ಮಿದರು. ಹಳೆಯ ತೂತುಗಳು ಅಲ್ಲೇ ಇದ್ದವು, ಬೆರಳಿಗೆ ಗುರುತು ಸಿಕ್ಕಿತು. ಹಳೆಯ ದಾರದ ಹಳೆಯ ಗಂಟನ್ನು ಉಗುರಿನಲ್ಲಿ ಬಿಡಿಸಿ, ಅದೇ ದಾರವನ್ನು ಅದೇ ತೂತುಗಳಲ್ಲಿ ಎಡಗೈಯಿಂದ ಏರಿಸಿದಳು. ನಲವತ್ತು ಜನ ಬಾಗಿಲ ಸುತ್ತ ಮುಗಿಬಿದ್ದು, ಹೆರಿಗೆ ಮನೆಯ ಹೊರಗೆ ನಿಂತವರಂತೆ ಉಸಿರು ಹಿಡಿದಿದ್ದರು. ಮೂರು ಸುತ್ತು, ಎಳೆತ. ಹಲ್ಲಿನ ಕೆಲಸ ಈ ಸಲ ಇರಲಿಲ್ಲ; ದಾರ ಸರಿಯಾಗಿ ಮುಗಿದಿತ್ತು, ಆವತ್ತು ಕಚ್ಚಿದಲ್ಲಿಗೇ.

ಈಗ ಇದು ಅಸಲಿಯೋ ಅಲ್ಲವೋ? ಪುಸ್ತಕದಲ್ಲಿ ಇದಕ್ಕೆ ನಿಯಮವಿಲ್ಲ ಎಂದರು ಬೂವ್ರೆ. ಗಲಾಟೆಯೋ ಗಲಾಟೆ. ಒಬ್ಬ ಅಸಲಿ ಎಂದ, ಒಬ್ಬ ರಿಪೇರಿ ಎಂದ, ಮೂರನೆಯವನು ಇದು ಹಳೆಯ ಕೆಲಸವನ್ನು ಅದೇ ಕೆಲಸಗಾರ್ತಿ ಮುಂದುವರಿಸಿದ್ದು, ನಡುವೆ ಮೂವತ್ತೆಂಟು ವರ್ಷ ಊಟದ ವಿರಾಮ ಎಂದ. ತಿಯೆರಿ ಸಾಸೇಜಿನ ಎಣ್ಣೆಗೈ ಎತ್ತಿದ.

"ಕೈ ಕಾರ್ಖಾನೇದು. ದಾರ ಕಾರ್ಖಾನೇದು. ತೂತೂ ಕಾರ್ಖಾನೇದೇ. ಇನ್ನು ಕ್ಯುನೊ ತಾಯೀನ ಲಾರಿಗೆ ತುಂಬಿ ಕಳಿಸ್ಬೇಕೇನ್ರಯ್ಯಾ?"

ಬೂವ್ರೆ ಹಸಿರು ಪುಸ್ತಕದಲ್ಲಿ ಹೊಸ ನಿಯಮವೊಂದನ್ನು ನಿಂತಲ್ಲೇ ಬರೆದು, ತಮ್ಮ ಹೆಸರನ್ನು ಮತ್ತೆ ದೊಡ್ಡ ಗೇಟಿಗೆ ಸೇರಿಸಿದರು, ಎರಡನೆಯದಾಗಿ. ಮೊದಲನೆಯ ಸಾಲಿನಲ್ಲಿ ಸೊಲಾಂಜ್ ಕ್ಯುನೊ ಎಂದು ಬರೆದು, ಅವಳ ಮುಂದೆ ಟೋಪಿ ತೆಗೆದರು. ಅಷ್ಟರಲ್ಲಿ ಇನ್ನೂ ಆರು ಜನ ತಮ್ಮ ಸೀಟಿನಡಿ ತಲೆಯಿಟ್ಟು ಎಡವಾಲಿದ ಹೊಲಿಗೆ ಹುಡುಕುತ್ತಿದ್ದರು. ಒಬ್ಬನಿಗೆ ಸಿಕ್ಕಿತು. ಅವನು ಅತ್ತೇಬಿಟ್ಟ. ಉಳಿದವರು ಅವನೊಡನೆ ಆ ದಿನವೆಲ್ಲ ಮಾತು ಬಿಟ್ಟರು.

ಹನ್ನೊಂದರ ಗಂಟೆ ಹೊಡೆಯಿತು. ಪಂಚಾಯಿತಿಯ ಆಳು ದೊಡ್ಡ ಗೇಟನ್ನು ಕಿರ್ರೋ ಎಂದು ಎಳೆದ. ಸೊಲಾಂಜ್ ತನ್ನ ಸೀಟಿನ ಮೇಲೆ ಕೂತು, ಅಂಚಿನ ಹೊಲಿಗೆಗೆ ಒಮ್ಮೆ ಬೆರಳಿಟ್ಟು, ಗೇರು ಹಾಕಿದಳು. ಎರಡು ಕಲ್ಲುಕಂಬಗಳು ಅತ್ತಿತ್ತ ಹಿಂದೆ ಸರಿದವು. ಅಷ್ಟೇ. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಯಿತು. ಹೊರಗೆ ಜನ ಚಪ್ಪಾಳೆ ತಟ್ಟುತ್ತಿದ್ದರು, ಬಲಕ್ಕೆ ತಿರುಗಿದರೆ ಬೆಟ್ಟದ ರಸ್ತೆ.

"ಆಯ್ತಾ?" ಎಂದಳು ಸೊಲಾಂಜ್. "ಇಷ್ಟೇನಾ?"

"ಇಷ್ಟೇ ಕಣೇ. ಬಲಕ್ಕೆ ತಿರುಗಿಸು" ಎಂದಳು ಜೋಸಿಯಾನ್.

ಸೊಲಾಂಜ್ ಎಡಕ್ಕೆ ತಿರುಗಿಸಿದಳು. ಗೋಡೆಯ ಪಕ್ಕದಲ್ಲೇ ಹೋಗಿ, ಮತ್ತೆ ಎಡಕ್ಕೆ, ಹಿತ್ತಿಲ ಓಣಿ, ಸೈಕಲ್ ಚಪ್ಪರ, ಒಳಗೆ ಅಂಗಳ, ಮತ್ತೆ ದೊಡ್ಡ ಗೇಟು. ಹಿಂದೆ ಕಪ್ಪು ಕಾರಿನಲ್ಲಿ ಬೂವ್ರೆ ಒಂದು ಕ್ಷಣ ತಡವರಿಸಿದರು, ಆಮೇಲೆ ತಾವೇ ಬರೆದ ನಿಯಮ ನೆನಪಾಗಿ ಎಡಕ್ಕೆ ತಿರುಗಿಸಿದರು. ಅವರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಅಸಲಿಗಳು ಗೇಟಿನಿಂದ ಹೊರಬಂದು ಓಣಿಯಿಂದ ಒಳನುಗ್ಗಿದರೆ, ಓಣಿಯಲ್ಲಿ ಸರದಿಗೆ ಕಾದಿದ್ದ ನಕಲಿಗಳಿಗೂ ಅವರ ಬೆನ್ನು ಹಿಡಿಯದೆ ಬೇರೆ ದಾರಿಯಿರಲಿಲ್ಲ. ಹೀಗಾಗಿ ನಲವತ್ತೊಂದೂ ಕಾರು, ಸುಮ್ಮನೆ ಜೊತೆಗೂಡಿದ ತಿಯೆರಿಯ ರೆನೊ ಕೂಡ, ದೊಡ್ಡ ಗೇಟಿನಿಂದಲೇ ಹೊರಬಂತು. ಪತ್ರಿಕೆಯ ಫೋಟೊದವನು ಮೊದಲ ಸುತ್ತಿನಲ್ಲಿ ತೆಗೆದ, ಎರಡನೆಯದರಲ್ಲೂ ತೆಗೆದ, ಮೂರನೆಯದರಲ್ಲಿ ಕ್ಯಾಮೆರಾ ಇಳಿಸಿ ನಗುತ್ತ ಕಂಬಕ್ಕೆ ಒರಗಿಕೊಂಡ.

ಜೋಸಿಯಾನ್ ಬಾಗಿಲ ಹಿಡಿ ಬಿಟ್ಟು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೂಗಲು ಸಂತರ ಹೆಸರುಗಳೆಲ್ಲ ಮುಗಿದುಹೋಗಿದ್ದವು. ಇನ್ನೆಷ್ಟು ಸುತ್ತು ಮಾರಾಯ್ತಿ ಎಂದು ಕೇಳಿದಳು. ಸೊಲಾಂಜ್ ಕನ್ನಡಿ ನೋಡಿದಳು. ಹಿಂದೆ ಬೂವ್ರೆ ಸೀಟಿನಲ್ಲಿ ನೆಟ್ಟಗೆ ಕೂತು, ಹಳದಿ ದೀಪವನ್ನು ಎರಡು ಸಲ ಮಿಟುಕಿಸಿದರು.

"ಅವರೇ ಇನ್ನೊಂದು ಸುತ್ತು ಕೇಳ್ತಿದಾರೆ ನೋಡು" ಎಂದು ಸೊಲಾಂಜ್ ಇನ್ನೊಮ್ಮೆ ಎಡಕ್ಕೆ ತಿರುಗಿಸಿದಳು.